ಕೈ ಬಿಟ್ಟೆ, ಕೆಲಸ ಬಿಟ್ಟೆ

ಆಸ್ಪತ್ರೆ, ಹೋಟೆಲುಗಳ ಬಟ್ಟೆ ಒಗೆದುಕೊಡುವ ಆ ಕಾರ್ಖಾನೆಯ ಇಸ್ತ್ರಿ ರೋಲರ್ ಎಂದರೆ ಸಾಮಾನ್ಯ ರೋಲರ್ ಅಲ್ಲ. ಅದು ಸುತ್ತತೊಡಗಿದರೆ ಗೋಡೆಯ ಹಲ್ಲಿಗಳು ಬಾಲವನ್ನು ಅಲ್ಲೇ ಬಿಟ್ಟು ಸಂಸಾರ ಸಮೇತ ಪಕ್ಕದ ಬೀದಿಗೆ ವಲಸೆ ಹೋಗುತ್ತಿದ್ದವು. ಅದರ ಕಾವಿಗೆ ಎದುರುಗೋಡೆಯ ಗಡಿಯಾರ ಬೆವರಿ ಬೆವರಿ ಹಿಂದೆ ಬೀಳುತ್ತಿತ್ತು. ಮುದ್ದೆಯಾದ ಹಾಸುಬಟ್ಟೆಯನ್ನು ಈ ಕಡೆಯಿಂದ ಅದರ ಬಾಯಿಗೆ ಕೊಟ್ಟರೆ ಆ ಕಡೆಯಿಂದ ಬರುವಾಗ ಎಷ್ಟು ನುಣುಪಾಗಿರುತ್ತಿತ್ತೆಂದರೆ, ಅದರ ಮೇಲೆ ಕೂತ ನೊಣವೊಂದು ಜಾರಿಬಿದ್ದು ಸೊಂಟ ಮುರಿದುಕೊಂಡದ್ದನ್ನು ಕಣ್ಣಾರೆ ಕಂಡವರಿದ್ದಾರೆ.

ಈ ರಾಕ್ಷಸನಿಗೆ ತುತ್ತು ಕೊಡುವವರು ಇಬ್ಬರು ಓರಗಿತ್ತಿಯರು. ಅಣ್ಣನ ಹೆಂಡತಿಯನ್ನು ಎಲ್ಲರೂ ದೊಡ್ಡವಳು ಎನ್ನುತ್ತಿದ್ದರು, ತಮ್ಮನ ಹೆಂಡತಿಯನ್ನು ಚಿಕ್ಕವಳು. ದೊಡ್ಡವಳು ನಿಂತರೆ ಚಿಕ್ಕವಳ ಮೊಣಕೈಗೆ ಬರುತ್ತಿದ್ದಳು. ಆದರೆ ಅವಳ ನಾಲಿಗೆಯನ್ನೂ ಸೇರಿಸಿ ಅಳೆದರೆ ಕಾರ್ಖಾನೆಯ ಹೊಗೆಕೊಳವೆ ಕುಳ್ಳಗೆ ಕಾಣಬೇಕು. ಚಿಕ್ಕವಳೋ, ಬಾಗಿಲಿಗೆ ತಲೆ ತಗುಲುವಷ್ಟು ಎತ್ತರ, ಎದೆ ಮಾತ್ರ ಗುಬ್ಬಿಯದು. ಬಾಗಿಲು ಬಡಿದರೆ ಹೆದರುವಳು, ಬಡಿಯದಿದ್ದರೆ ಯಾಕೆ ಯಾರೂ ಬಡಿಯುತ್ತಿಲ್ಲವೆಂದು ಹೆದರುವಳು. ತನ್ನ ನೆರಳೇ ಎದುರಾದರೂ ದಾರಿ ಬಿಟ್ಟುಕೊಟ್ಟು ಪಕ್ಕಕ್ಕೆ ಸರಿಯುವಳು.

ಮನೆಯಲ್ಲಿ ಇಬ್ಬರದೂ ಎಣ್ಣೆ ಸೀಗೆಕಾಯಿ ಸಂಬಂಧ. ಬಕೆಟ್ ಎಲ್ಲಿಟ್ಟೆ, ಸಾಬೂನು ಯಾಕೆ ಸವೆಯಿತು ಎಂದು ಶುರುವಾದರೆ ಗಂಡಂದಿರಿಬ್ಬರೂ ಚಪ್ಪಲಿ ಕೈಯಲ್ಲಿ ಹಿಡಿದು ಬೀದಿಗೆ ಓಡುತ್ತಿದ್ದರು. ಆದರೆ ರೋಲರಿನ ಮುಂದೆ ನಿಂತರೆ ಇಬ್ಬರೂ ಒಂದೇ ಜೀವ. ಆ ಜೀವವನ್ನು ಕಾಯುತ್ತಿದ್ದದ್ದು ಎರಡೇ ಎರಡು ಮಾತು.

ರೋಲರನ್ನು ಸುತ್ತಿಸುವ ಪೆಡಲ್ ದೊಡ್ಡವಳ ಕಾಲಡಿ ಇತ್ತು. ಇಬ್ಬರೂ ಬಟ್ಟೆಯ ಒಂದೊಂದು ತುದಿ ಹಿಡಿದು ರೋಲರಿನ ಬಾಯಿಗೆ ಒಡ್ಡಬೇಕು. ದೊಡ್ಡವಳು ‘ಹಿಡ್ದೆ’ ಎನ್ನಬೇಕು. ಚಿಕ್ಕವಳು ತನ್ನ ತುದಿಯನ್ನು ಸರಿಯಾಗಿ ಕೂರಿಸಿ, ಬೆರಳನ್ನು ಹಿಂದಕ್ಕೆ ಸೆಳೆದುಕೊಂಡು, ‘ಬಿಟ್ಟೆ’ ಎನ್ನಬೇಕು. ಆ ಮಾತು ಬರುವವರೆಗೂ ದೊಡ್ಡವಳ ಪಾದ ಪೆಡಲಿನ ಮೇಲೆ ಇಳಿಯುವ ಹಾಗಿಲ್ಲ. ಹಿಡ್ದೆ, ಬಿಟ್ಟೆ. ಹಿಡ್ದೆ, ಬಿಟ್ಟೆ. ಮನೆಯಲ್ಲಿ ಎಷ್ಟೇ ಜಡೆಜಗಳ ಆಗಿದ್ದರೂ, ಇಲ್ಲಿ ಆ ಎರಡು ಮಾತಿಗೆ ಯಾರೂ ಮುನಿಸು ತೋರಿಸುತ್ತಿರಲಿಲ್ಲ.

ಇದಲ್ಲದೆ ರೋಲರಿನ ಬಾಯಿಗೆ ಅಡ್ಡಲಾಗಿ ಒಂದು ತೆಳು ಸರಳೂ ಇತ್ತು. ಬೆರಳು ತಗುಲಿದರೆ ಸಾಕು, ಯಂತ್ರ ಉಸಿರು ಕಟ್ಟಿದಂತೆ ನಿಂತುಬಿಡುತ್ತಿತ್ತು. ಆದರೆ ಅದಕ್ಕೆ ಬೆರಳು ಯಾವುದು, ದಪ್ಪ ಹೊಲಿಗೆ ಯಾವುದು ಗೊತ್ತಾಗುತ್ತಿರಲಿಲ್ಲ. ಹೊಲಿಗೆ ತಗುಲಿದರೂ ನಿಲ್ಲುತ್ತಿತ್ತು. ಹೊಸದಾಗಿ ಬಂದ ಮ್ಯಾನೇಜರ್ ಇದನ್ನು ನೋಡಿ ಹಲ್ಲು ಕಡಿದ. ಆತನ ಅಂಗಿ ಎಷ್ಟು ಗರಿಗರಿ ಎಂದರೆ, ಆತ ಬಗ್ಗಿದಾಗ ಹಪ್ಪಳ ಮುರಿದ ಸದ್ದು ಬರುತ್ತಿತ್ತು. ಕೆಲಸದವರು ಅವನಿಗೆ ಗರಿಗರಿ ಸಾಹೇಬನೆಂದೇ ಹೆಸರಿಟ್ಟಿದ್ದರು. “ಹೀಗೆ ನಿಂತು ನಿಂತು ನಡೆದ್ರೆ ಆಸ್ಪತ್ರೆಯೋರು ಬರೀ ಮಂಚದ ಮೇಲೆ ಮಲಗ್ಬೇಕಾ?” ಎಂದು ಆ ಸರಳನ್ನು ತಂತಿಯಿಂದ ಬಿಗಿಸಿ ಕಟ್ಟಿಸಿಬಿಟ್ಟ. ಅಂದಿನಿಂದ ಯಂತ್ರ ನಿಲ್ಲಲಿಲ್ಲ. ಚಿಕ್ಕವಳ ಎದೆ ಮಾತ್ರ ಗಳಿಗೆಗೊಮ್ಮೆ ನಿಂತು ಹೊರಡುತ್ತಿತ್ತು.

ಆ ದಿನ ಬೆಳಿಗ್ಗೆ ಹಿಡ್ದೆ, ಬಿಟ್ಟೆ ಎರಡೂ ಸರಿಯಾಗಿಯೇ ನಡೆದಿದ್ದವು. ಪೆಡಲ್ ಒತ್ತಿದ ಮೇಲೆ ತನ್ನ ಕಡೆಯ ಮೂಲೆ ಮಡಚಿತೆಂದು ದೊಡ್ಡವಳೇ ಕೈ ಚಾಚಿದಳು. ಅವಳ ಮೇಲಂಗಿಯ ತೋಳು ಬಟ್ಟೆಯ ಜೊತೆ ಒಳಗೆ ನಡೆಯಿತು. ಕಾಲೆತ್ತಿದ್ದರೆ ಮುಗಿಯುತ್ತಿತ್ತು. ಆದರೆ ಹೆದರಿಕೆ ಕಾಲಿಗಿಳಿದರೆ ಕಾಲು ಕಲ್ಲಾಗುತ್ತದೆ. ಅವಳ ಪಾದ ಪೆಡಲನ್ನು ಇನ್ನಷ್ಟು ಒತ್ತಿತು. ಬೀದಿಯನ್ನೇ ನಡುಗಿಸುವ ಆ ಬಾಯಿಯಿಂದ ಸೊಳ್ಳೆಯಷ್ಟು ಸದ್ದೂ ಬರಲಿಲ್ಲ. ಕಣ್ಣು ಮಾತ್ರ ಚಿಕ್ಕವಳ ಕಡೆ ಹೊರಳಿತು. ಆ ನೋಟವನ್ನು ಚಿಕ್ಕವಳು ಸಾಯುವವರೆಗೂ ಮರೆಯುವ ಹಾಗಿರಲಿಲ್ಲ.

ಯಂತ್ರವನ್ನು ನಿಲ್ಲಿಸುವ ಕೆಂಪು ಗುಂಡಿ ಗೋಡೆಯ ಮೇಲೆ, ನಾಲ್ಕಾಳು ದೂರದಲ್ಲಿತ್ತು. ಚಿಕ್ಕವಳು ಹಾರಿದಳು. ಹಾರಿದಳು ಎಂದರೆ ಮಾತಿಗೆ ಹೇಳಿದ್ದಲ್ಲ. ಅವಳ ಕಾಲು ನೆಲ ಬಿಟ್ಟದ್ದನ್ನೂ, ನಡುವೆ ಇದ್ದ ಬಟ್ಟೆಯ ಗಾಡಿಯನ್ನು ದಾಟಿದ್ದನ್ನೂ, ಹದ್ದು ಕೂಡ ನಾಚುವ ಹಾಗೆ ಗುಂಡಿಯ ಮೇಲೆ ಎರಗಿದ್ದನ್ನೂ ನೋಡಿದವರು ಇಂದಿಗೂ ಹೇಳುತ್ತಾರೆ. ರೋಲರ್ ನಿಂತಿತು. ಯಾರೋ ಕತ್ತರಿ ತಂದು ಅಂಗಿಯ ತೋಳನ್ನು ಕತ್ತರಿಸಿದರು. ದೊಡ್ಡವಳ ಮಣಿಕಟ್ಟಿನ ಮೇಲೆ ಕೆಂಪು ಬರೆಯೊಂದು ಎದ್ದಿತ್ತು. ಹೋದದ್ದು ಅಂಗಿಯ ತೋಳು, ಉಳಿದದ್ದು ಕೈ.

ಯಂತ್ರದ ಸದ್ದು ನಿಂತದ್ದೇ ತಡ, ಗರಿಗರಿ ಸಾಹೇಬ ಪ್ರತ್ಯಕ್ಷ.

“ಯಾರು ನಿಲ್ಸಿದ್ದು?”

ಎಲ್ಲರೂ ತಮ್ಮ ತಮ್ಮ ಕಾಲಿನ ಬೆರಳು ನೋಡಿಕೊಂಡರು. ಚಿಕ್ಕವಳು ಇನ್ನೂ ಗುಂಡಿಗೆ ಅಂಟಿಕೊಂಡೇ ಇದ್ದಳು.

“ನಾ… ನಾನು ಸಾಹೇಬ್ರೆ.”

“ನೀನಾ? ಕೈ ಸರಿಯಾಗಿ ಬಿಟ್ಟಿದ್ಯೋ ಇಲ್ವೋ? ನಿನ್ನಿಂದಾನೇ ಅಲ್ವಾ ಇಷ್ಟೆಲ್ಲಾ? ಬಾಯಿ ಬಿಡು!”

ಕೈ ಬಿಟ್ಟೆ ಎನ್ನಬೇಕಿತ್ತು ಅವಳು. ಅಷ್ಟೇ. ದಿನವಿಡೀ ಹೇಳುವ ಮಾತು. ಆದರೆ ಅವಳ ಹಲ್ಲುಗಳು ಚಳಿಜ್ವರ ಬಂದವರ ಹಾಗೆ ಕಟಕಟ ಎನ್ನುತ್ತಿದ್ದವು. ಕೈ ಎಂದು ಹೊರಟ ಮಾತು ಆ ಹಲ್ಲಿಗೆ ತಗುಲಿ, ತಿರುಚಿಕೊಂಡು, ಬೇರೆಯೇ ಆಗಿ ಹೊರಬಿತ್ತು.

“ಕೆ… ಕೆ… ಕೆಲಸ ಬಿಟ್ಟೆ ಸಾಹೇಬ್ರೆ!”

ಗರಿಗರಿ ಸಾಹೇಬನ ಮುಖದ ಮೇಲೆ ಒಂದೊಂದೇ ಮಡಿಕೆ ಬಿಚ್ಚಿ ನಗು ಹರಡಿತು. ಕೈ ಸುಟ್ಟ ವಿಷಯ ಹೊರಗೆ ಹೋದರೆ ತಂತಿ ಕಟ್ಟಿಸಿದ್ದು ಯಾರೆಂಬ ಪ್ರಶ್ನೆ ಏಳುತ್ತದೆ. ಯಂತ್ರ ನಿಲ್ಲಿಸಿದವಳು ತಾನಾಗಿಯೇ ಕೆಲಸ ಬಿಟ್ಟು ಹೋದಳೆಂದಾದರೆ, ಪ್ರಶ್ನೆಯೂ ಅವಳ ಹಿಂದೆಯೇ ಗೇಟು ದಾಟುತ್ತದೆ.

“ಕೇಳಿದ್ರಲ್ಲ ಎಲ್ರೂ? ಕೆಲಸ ಬಿಟ್ಟಳಂತೆ. ಅವಳ ಬಾಯಿಂದಾನೇ.”

“ಅಯ್ಯೋ ಸಾಹೇಬ್ರೆ, ಕೈ ಅನ್ನೋಕೆ ಹೋಗಿ…”

“ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ಈಗ ಮನೆಗೆ ನಡಿ. ನಾಳೆ ಬಂದು ರಾಜೀನಾಮೆಗೆ ಸಹಿ ಹಾಕು.”

ಚಿಕ್ಕವಳು ದೊಡ್ಡವಳತ್ತ ನೋಡಿದಳು. ದೊಡ್ಡವಳು ಅಂಗಿಯ ಕತ್ತರಿಸಿದ ತೋಳನ್ನು ನೋಡುತ್ತ ನಿಂತಿದ್ದಳು.

ಅಂಗಳದಲ್ಲಿ ಬಾಯ್ಲರ್ ಮಾವ ಸಿಕ್ಕಿದ. ಬಾಯ್ಲರಿಗೆ ನೀರು ಬಿಡುವುದು ಅವನ ಕೆಲಸ. ಕಾನೂನು ಹೇಳುವುದು ಅವನ ಚಟ. ಯಾವ ಪ್ರಶ್ನೆ ಕೇಳಿದರೂ ಅವನ ಹತ್ತಿರ ಉತ್ತರ ಬಿಸಿಬಿಸಿಯಾಗಿ ಸಿದ್ಧ, ಉಗಿಯ ಹಾಗೆ: ಮೇಲೇಳುವಾಗ ಭಾರೀ ಜೋರು, ಹಿಡಿಯಹೋದರೆ ಏನೂ ಇಲ್ಲ.

“ಮಾವ, ಬಾಯಲ್ಲಿ ಅಂದ್ರೆ ಕೆಲಸ ಬಿಟ್ಟ ಹಾಗೇನಾ?”

ಮಾವ ಕಣ್ಣು ಮುಚ್ಚಿ ಯೋಚಿಸಿದ. “ಒಳಗೆ ನಿಂತು ಅಂದ್ಯಾ, ಹೊಸ್ತಿಲಾಚೆ ನಿಂತು ಅಂದ್ಯಾ?”

“ಒಳಗೇ ಮಾವ.”

“ಛೆ! ಜೋರಾಗೋ ಮೆಲ್ಲಗೋ?”

“ಹೆದರಿ ಅಂದಿದ್ದು. ಜೋರಾಗೇ ಬಂತು ಅನ್ಸುತ್ತೆ.”

“ಕೆಟ್ಟೆ ತಾಯಿ! ಮೆಲ್ಲಗೆ ಅಂದಿದ್ರೆ ಅರ್ಧ ಕೆಲಸ ಆದ್ರೂ ಉಳೀತಿತ್ತು. ಒಳಗೆ ನಿಂತು, ಜೋರಾಗಿ ಅಂದ್ಮೇಲೆ ಬ್ರಹ್ಮ ಬಂದ್ರೂ ಆಗಲ್ಲ.”

“ಮತ್ತೆ ಯಂತ್ರ ನಿಲ್ಸಿದ್ದಕ್ಕೆ?”

“ಅದಕ್ಕೆ ಜೈಲು.” ಅವಳ ಮುಖ ಸುಣ್ಣವಾದದ್ದನ್ನು ನೋಡಿ ಮಾವ ಕರಗಿದ. “ಹೆದರ್ಬೇಡ, ಹೆಂಗಸರ ಜೈಲಲ್ಲಿ ಗಾಳಿ ಬೆಳಕು ಚೆನ್ನಾಗಿರುತ್ತಂತೆ.”

ಗಾಳಿ ಬೆಳಕು ಚೆನ್ನಾಗಿರುತ್ತದೆಂಬ ಆ ಸಮಾಧಾನದ ಮಾತು ಕೇಳಿದ್ದೇ ಚಿಕ್ಕವಳು ಅಲ್ಲಿಂದ ಕಾಲ್ಕಿತ್ತಳು. ಗೇಟಿನಾಚೆ ಬಂದವಳಿಗೆ ಮನೆ ಯಾವ ಕಡೆ ಎಂಬುದೂ ತೋಚಲಿಲ್ಲ. ಹಿಂದಿನಿಂದ ಯಾರೋ ಬರುತ್ತಿದ್ದಾರೆಂದು ಓಡಿದಳು. ನಿಂತು ನೋಡಿದರೆ ತನ್ನದೇ ಚಪ್ಪಲಿಯ ಸದ್ದು. ಹಾಗೆ ಓಡಿ ಓಡಿ ಬಂದು ನಿಂತದ್ದು ಕಾರ್ಮಿಕರ ದೂರು ಕೇಳುವ ಸರ್ಕಾರಿ ಕಚೇರಿಯ ಮುಂದೆ. ಜೈಲಿಗೆ ಹೋಗುವುದೇ ಆದರೆ ದಾರಿಯನ್ನಾದರೂ ಕೇಳಿಕೊಳ್ಳೋಣವೆಂದು ಒಳಗೆ ಹೋದಳು. ಹೋಗಿ, ಕಂಬದ ಹಿಂದೆ ಅವಿತಳು. ಕಂಬ ಅವಳಿಗಿಂತ ಗಿಡ್ಡವಾಗಿತ್ತು.

“ಕಂಬದ ಮೇಲಿರೋ ತಲೆ ಯಾರದಮ್ಮ? ಬಾ ಈ ಕಡೆ,” ಎಂದರು ಅಧಿಕಾರಿ. ಹಣೆಯ ಮೇಲೇರಿಸಿದ ಕನ್ನಡಕವನ್ನು ಮೇಜಿನ ಮೇಲೆಲ್ಲ ಹುಡುಕುತ್ತಿದ್ದ ನಡುವಯಸ್ಸಿನ ಹೆಂಗಸು. ಚಿಕ್ಕವಳು ಅಳುತ್ತ, ತೊದಲುತ್ತ, ನಡುನಡುವೆ ಬಾಗಿಲ ಕಡೆ ನೋಡುತ್ತ ಎಲ್ಲವನ್ನೂ ಹೇಳಿದಳು.

“ಕೆಲಸ ಬಿಡಬೇಕು ಅನ್ನೋ ಮನಸ್ಸಿತ್ತಾ ನಿಂಗೆ?”

“ಇಲ್ಲ ಮೇಡಂ. ಕೈ ಅನ್ನೋಕೆ ಹೋದೆ.”

“ಹೆದರಿ ಬಾಯಿ ತಪ್ಪಿದ್ದು ರಾಜೀನಾಮೆ ಆಗಲ್ಲಮ್ಮ. ನಾಳೆ ಯಾವುದಕ್ಕೂ ಸಹಿ ಹಾಕ್ಬೇಡ. ನಿನ್ನ ಹೊತ್ತಿಗೆ ಹೋಗು, ನಿನ್ನ ಜಾಗದಲ್ಲಿ ನಿಲ್ಲು, ಕೆಲಸ ಮಾಡೋಕೆ ಬಂದಿದ್ದೀನಿ ಅನ್ನು. ಹೆದರಿ ಮನೇಲಿ ಕೂತ್ಯೋ, ಬಿಟ್ಟಳು ಅನ್ನೋ ಅವರ ಮಾತಿಗೆ ನೀನೇ ಬಲ ಕೊಟ್ಟ ಹಾಗೆ.”

“ಯಂತ್ರ ನಿಲ್ಸಿದ್ದಕ್ಕೆ ಜೈಲು ಅಂದ್ರು ಮೇಡಂ.”

“ಯಾವನಮ್ಮ ಅಂದಿದ್ದು? ಮನುಷ್ಯರ ಕೈ ಎಳೀತಿರೋ ಯಂತ್ರಾನ ನಿಲ್ಸದೆ ಲಾಲಿ ಹಾಡ್ತಾರಾ?” ಕನ್ನಡಕ ಹಣೆಯಿಂದ ತಾನಾಗಿಯೇ ಮೂಗಿಗೆ ಜಾರಿತು. ಅವರ ದನಿಯೂ ತಗ್ಗಿತು. “ಆ ತಂತಿ ಕಟ್ಟಿದ್ದನ್ನ ನೋಡಿದವರು ಯಾರಾದ್ರೂ ಬಾಯಿ ಬಿಟ್ಟು ಹೇಳಿದ್ರೆ ನಿನ್ನ ಕೈ ಗಟ್ಟಿ. ಯಾರಿದ್ದಾರೆ?”

“ನಮ್ಮಕ್ಕ. ಓರಗಿತ್ತಿ.”

“ಹೇಳ್ತಾಳಾ?”

ಚಿಕ್ಕವಳು ಮತ್ತೆ ಕಂಬದ ಹಿಂದೆ ಹೋಗಿ ನಿಂತಳು.

ಸಂಜೆ ಮನೆಯಲ್ಲಿ ಯಾವ ಬಕೆಟ್ಟೂ ಸದ್ದು ಮಾಡಲಿಲ್ಲ. ದೊಡ್ಡವಳು ಬೈಯಲಿಲ್ಲ. ಇದು ಎಂಥ ಭಯಂಕರ ಸಂಗತಿಯೆಂದರೆ, ಪಕ್ಕದ ಮನೆಯವರು ಎರಡು ಸಲ ಗೋಡೆಯಾಚೆಯಿಂದ ಇಣುಕಿ, ಒಳಗೆ ಎಲ್ಲರೂ ಬದುಕಿದ್ದಾರೆಯೇ ಎಂದು ನೋಡಿಹೋದರು. ಗಂಡಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಓಡಿಹೋಗುವುದಕ್ಕೂ ಜಗಳವಿಲ್ಲ.

ದೊಡ್ಡವಳ ಕೈಗೆ ಪಟ್ಟಿ ಕಟ್ಟಿದ್ದರಿಂದ ಜಡೆ ಹಾಕಿಕೊಳ್ಳಲು ಬರುತ್ತಿರಲಿಲ್ಲ. ಚಿಕ್ಕವಳು ಬಾಚಣಿಗೆ ಹಿಡಿದು ಅವಳ ಹಿಂದೆ ಕೂತಳು. ಕಚೇರಿಯವರು ಹೇಳಿದ್ದನ್ನೆಲ್ಲ ಅವಳು ಗಂಡನಿಗೆ ಹೇಳಿದ್ದು ದೊಡ್ಡವಳ ಕಿವಿಗೂ ಬಿದ್ದಿತ್ತು.

“ನನ್ನ ಕೇಳ್ಬೇಡ ಕಣೇ,” ಎಂದಳು ಗೋಡೆಯನ್ನು ನೋಡುತ್ತ. “ನಾನು ಬಾಯಿ ಬಿಟ್ರೆ ನನ್ನೂ ಕಳಿಸ್ತಾನೆ. ಇಬ್ರೂ ಮನೇಲಿ ಕೂತ್ರೆ ಒಲೆ ಏನು ಗಾಳಿ ಕುಡಿಯುತ್ತಾ?”

“ನಾನೇನೂ ಕೇಳ್ಲಿಲ್ವಲ್ಲ ಅಕ್ಕ.”

“ಬೆರಳಲ್ಲೇ ಕೇಳ್ತಾ ಇದ್ದೀಯ. ಬಿಗಿಯಾಗಿ ಹೆಣಿ, ಸುಮ್ನೆ.”

ಚಿಕ್ಕವಳು ಬಿಗಿಯಾಗಿ ಹೆಣೆದಳು. ಆಗ ಕಂಡಿತು: ದೊಡ್ಡವಳ ಕತ್ತು ಸಣ್ಣಗೆ ನಡುಗುತ್ತಿತ್ತು. ಈ ಲೋಕದಲ್ಲಿ ಹೆದರುವವಳು ತಾನೊಬ್ಬಳೇ ಎಂದು ನಂಬಿದ್ದವಳಿಗೆ, ಅದನ್ನು ನೋಡಿ ಸಮಾಧಾನವಾಗುವ ಬದಲು ಹೆದರಿಕೆ ಇಮ್ಮಡಿಯಾಯಿತು. ಗೋಡೆಯೇ ಅಲುಗಿದರೆ ಒರಗುವುದು ಯಾವುದಕ್ಕೆ?

ಮರುದಿನ ದಾರಿಯುದ್ದಕ್ಕೂ ಚಿಕ್ಕವಳು ‘ಕೆಲಸ ಮಾಡೋಕೆ ಬಂದಿದ್ದೀನಿ’ ಎಂಬ ಮಾತನ್ನು ಬಾಯಿಪಾಠ ಮಾಡಿದಳು. ದೀಪದ ಕಂಬಕ್ಕೆ ಹೇಳಿದಳು, ನಿಂತ ಲಾರಿಗೆ ಹೇಳಿದಳು, ಕಸದ ತೊಟ್ಟಿಯ ಬೆಕ್ಕಿಗೆ ಹೇಳಿದಳು. ಬೆಕ್ಕು ಒಪ್ಪಿಕೊಂಡಂತೆ ಕಂಡಿತು. ದೊಡ್ಡವಳು ಹತ್ತು ಹೆಜ್ಜೆ ಮುಂದೆ, ಅಪರಿಚಿತಳ ಹಾಗೆ ನಡೆಯುತ್ತಿದ್ದಳು.

ಗರಿಗರಿ ಸಾಹೇಬ ಕಾಗದ ಹಿಡಿದು ರೋಲರಿನ ಪಕ್ಕದಲ್ಲೇ ನಿಂತಿದ್ದ. ಚಿಕ್ಕವಳು ಬಾಯಿ ತೆರೆದಳು. ಬೆಕ್ಕಿಗೆ ಹೇಳಿದ್ದು ಮನುಷ್ಯನ ಮುಂದೆ ಬರಲಿಲ್ಲ. ಬರೀ ಗಾಳಿ ಬಂತು. ಆದರೆ ಅವಳ ಕಾಲು ತಾನಾಗಿಯೇ ನಡೆದು ತನ್ನ ಜಾಗದಲ್ಲಿ, ರೋಲರಿನ ಆ ತುದಿಯಲ್ಲಿ, ಹೋಗಿ ನಿಂತಿತು.

“ಅಲ್ಲೇನು ಕೆಲಸ ನಿಂಗೆ? ಸಹಿ ಹಾಕು.”

ಅವಳು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ತಲೆಯಲ್ಲಾಡಿಸಿದಳು. ಮೊಣಕಾಲು ಒಂದಕ್ಕೊಂದು ಬಡಿದ ಸದ್ದಿಗೆ ಯಾರೋ ಬಾಗಿಲು ತಟ್ಟಿದರೆಂದು ಕಾವಲುಗಾರ ಹೊರಗೆ ನೋಡಿದ.

ಸಾಹೇಬ ದೊಡ್ಡವಳತ್ತ ತಿರುಗಿದ. “ನೀನೇ ಹೇಳು. ಇವಳು ನಿನ್ನೆ ಕೆಲಸ ಬಿಟ್ಟೆ ಅಂದಳೋ ಇಲ್ವೋ?”

ದೊಡ್ಡವಳು ನೆಲ ನೋಡಿದಳು. “ಅಂದಳು ಸಾಹೇಬ್ರೆ.”

ಚಿಕ್ಕವಳ ಕಣ್ಣು ಕತ್ತಲೆ ಕಟ್ಟಿತು. ಕೆಲಸ ಹೋಯಿತು, ಅಕ್ಕನೂ ಹೋದಳು.

“ಮುಗೀತಲ್ಲ! ಜರುಗು ಆ ಕಡೆ.”

“ಆದ್ರೆ ಸಾಹೇಬ್ರೆ,” ಎಂದಳು ದೊಡ್ಡವಳು ಮೆಲ್ಲಗೆ, “ಆ ತುದಿ ಯಾರು ಹಿಡೀತಾರೆ?”

ಹೊರಗೆ ಆಸ್ಪತ್ರೆಯ ಲಾರಿ ಹಾರ್ನ್ ಹೊಡೆಯುತ್ತಿತ್ತು. ಒದ್ದೆ ಬಟ್ಟೆಯ ರಾಶಿ ಚಾವಣಿ ಮುಟ್ಟಿತ್ತು. ಸಾಹೇಬ ಸುತ್ತಲೂ ನೋಡಿದ. ನಿನ್ನೆಯ ತೋಳು ಕಂಡವರು ಯಾರು ಮುಂದೆ ಬಂದಾರು? ಒಬ್ಬೊಬ್ಬರೂ ಇನ್ನೊಬ್ಬರ ಬೆನ್ನ ಹಿಂದೆ ಸರಿದು, ಕೊನೆಗೆ ಎಲ್ಲರೂ ಗೋಡೆಯ ಹಿಂದೆಯೇ ಸರಿದರೇನೋ ಎಂಬಂತಾಯಿತು.

“ಹೇಡಿಗಳು! ಇದೇನು ಬ್ರಹ್ಮವಿದ್ಯೆನಾ? ನಾನೇ ಹಿಡೀತೀನಿ, ನೋಡಿ.” ಕಾಗದವನ್ನು ಜೇಬಿಗೆ ತುರುಕಿ ಚಿಕ್ಕವಳನ್ನು ಪಕ್ಕಕ್ಕೆ ಸರಿಸಿ ನಿಂತ. ರೋಲರಿನ ಕಾವು ಮುಖಕ್ಕೆ ಬಡಿದದ್ದೇ ಅವನ ಅಂಗಿಯ ಗರಿ ಇಳಿಯತೊಡಗಿತು. ಹಾಸುಬಟ್ಟೆಯ ತುದಿ ಹಿಡಿದು ಬಾಯಿಗೆ ಒಡ್ಡಿದ.

“ಹಿಡ್ದೆ,” ಎಂದಳು ದೊಡ್ಡವಳು. ಒಂದು ಪಾದ ಪೆಡಲಿನ ಮೇಲೆ ಗಾಳಿಯಲ್ಲಿ ನಿಂತಿತ್ತು.

ಸಾಹೇಬ ಬಟ್ಟೆ ಹಿಡಿದೇ ಇದ್ದ.

“ಕೈ ತೆಗೆದು ಬಿಟ್ಟೆ ಅನ್ಬೇಕು ಸಾಹೇಬ್ರೆ. ಅನ್ನದೆ ನಾನು ಒತ್ತಲ್ಲ.”

“ಏನದು ಶಾಸ್ತ್ರ! ಒತ್ತು ಸುಮ್…” ಕೈಯನ್ನು ಹಿಂದಕ್ಕೆಳೆದ. ಬರಲಿಲ್ಲ. ಅಂಗಿಯ ತೋಳಿನ ಗುಂಡಿ ಬಟ್ಟೆಯಂಚಿನ ಸಡಿಲ ಹೊಲಿಗೆಗೆ ಸಿಕ್ಕಿಕೊಂಡಿತ್ತು. ಮತ್ತೆ ಎಳೆದ. ಇನ್ನೂ ಬಿಗಿಯಿತು. ಬೆರಳ ಮುಂದೆಯೇ ರೋಲರ್, ಅದರ ಮುಂದೆ ಆ ಸರಳು, ಸರಳಿಗೆ ತಾನೇ ಕಟ್ಟಿಸಿದ ತಂತಿ. ಅತ್ತ ನೋಡಿದರೆ ದೊಡ್ಡವಳ ಪಾದ ಎಲೆಯ ಹಾಗೆ ನಡುಗುತ್ತ ಇಳಿಯುತ್ತಿತ್ತೋ, ಏರುತ್ತಿತ್ತೋ.

ಅವಳು ಬೇಕೆಂದು ನಡುಗಿಸುತ್ತಿರಲಿಲ್ಲ. ಚಿಕ್ಕವಳಿಗೆ ಅದು ಗೊತ್ತಿತ್ತು. ನಿನ್ನೆ ಕಲ್ಲಾದ ಕಾಲೇ ಅದು. ಇವತ್ತು ಏನಾಗುತ್ತದೋ ದೊಡ್ಡವಳಿಗೂ ಗೊತ್ತಿರಲಿಲ್ಲ.

“ಕಾಲು! ಕಾಲು ತೆಗಿಯೇ!” ಸಾಹೇಬನ ದನಿ ಸೀಳಿತು.

“ಕೈ ಬಿಟ್ರಾ ಸಾಹೇಬ್ರೆ? ಕೇಳಿಸ್ತಿಲ್ಲ!”

“ಬಿಟ್ಟೆ! ಬಿಟ್ಟೆ! ಎಲ್ಲಾ ಬಿಟ್ಟೆ ಮಾರಾಯ್ತಿ! ಕೆಲಸ ಬಿಟ್ಟೆ, ನನ್ನ ಬಿಡು!”

ಧಡ್ ಎಂದು ಕೆಂಪು ಗುಂಡಿ ಒಳಗಿಳಿಯಿತು. ಚಿಕ್ಕವಳು ಎರಡನೆಯ ಸಲ ಹಾರಿದ್ದಳು. ಯಾರಿಗಾಗಿ ಹಾರುತ್ತಿದ್ದೇನೆಂದು ಅವಳು ನೋಡಿರಲಿಲ್ಲ.

ಯಂತ್ರದ ಸದ್ದು ಅಡಗಿತು. ಉಗಿ ಮಾತ್ರ ಎಲ್ಲೋ ಸುಯ್ ಎನ್ನುತ್ತಿತ್ತು. ಬಾಗಿಲಲ್ಲಿ ಬಾಯ್ಲರ್ ಮಾವ ಕತ್ತು ಚಾಚಿದ.

“ಏನಂತೆ? ಸಾಹೇಬ್ರು ಕೆಲಸ ಬಿಟ್ರಂತಾ?”

“ಹೌದು ಮಾವ,” ಯಾರೋ ರಾಶಿಯ ಹಿಂದಿನಿಂದ ಅಂದರು. “ಒಳಗೇ ನಿಂತು ಅಂದ್ರು. ಜೋರಾಗೇ.”

“ಅಯ್ಯೋ ಪಾಪ! ಹಾಗಾದ್ರೆ ಬ್ರಹ್ಮ ಬಂದ್ರೂ ಆಗಲ್ಲ.”

ಯಾರೂ ನಗಲಿಲ್ಲ, ನಗಲು ಎಲ್ಲರಿಗೂ ಹೆದರಿಕೆ. ಒಬ್ಬರಿಗೆ ಮಾತ್ರ ಬಿಕ್ಕಳಿಕೆ ಬಂತು.

ದೊಡ್ಡವಳು ಬಂದು ಸಾಹೇಬನ ತೋಳಿನ ಗುಂಡಿಗೆ ಸಿಕ್ಕಿದ ದಾರವನ್ನು ಹಲ್ಲಿನಿಂದ ಕಡಿದಳು. ಅವಳ ದನಿ ನಡುಗುತ್ತಿತ್ತು, ಆದರೂ ನಿಲ್ಲಲಿಲ್ಲ. “ಹೆದರಿ ಬಾಯಿ ತಪ್ಪಿತು ಅಲ್ವಾ ಸಾಹೇಬ್ರೆ? ನೀವೇನು ನಿಜವಾಗ್ಲೂ ಬಿಡ್ತೀರಾ? ನಮ್ಮವಳದ್ದೂ ಅದೇ. ನಿನ್ನೆ ಒಳಗಿದ್ದದ್ದು ನನ್ನ ತೋಳು. ಅವಳು ನಿಲ್ಸದೆ ಇದ್ದಿದ್ರೆ ಇವತ್ತು ಈ ಕೈಯೇ ಇರ್ತಿರ್ಲಿಲ್ಲ. ಆ ತಂತಿ ನೀವು ಕಟ್ಸಿದ್ದು ನಾನು ನೋಡಿದ್ದೀನಿ. ಕಳಿಸೋದಾದ್ರೆ ನನ್ನೂ ಕಳಿಸಿ. ಇಲ್ಲಿಂದ ನೇರ ಕಾರ್ಮಿಕರ ಕಚೇರಿಗೇ ಹೋಗ್ತೀವಿ.”

ಸಾಹೇಬ ಬಾಯಿಗೆ ಕೈ ಅಡ್ಡ ಹಿಡಿದ. ಬಾಯಿ ತೆರೆದರೆ ಏನು ಹೊರಬೀಳುತ್ತದೋ ಎಂಬ ಭಯ ಈಗ ಅವನಿಗೂ ಹತ್ತಿತ್ತು. ಜೇಬಿನ ಕಾಗದ ಬೆವರಿಗೆ ನೆನೆದು ಮುದ್ದೆಯಾಗಿತ್ತು. ಇಬ್ಬರನ್ನೂ ಒಂದು ಸಲ ನೋಡಿದ. ಮರೆಯುವವನ ನೋಟವಲ್ಲ ಅದು. ಹಾಗೇ ಹೊರಟುಹೋದ. ಸ್ವಲ್ಪ ಹೊತ್ತಿಗೆ ರಿಪೇರಿಯವನು ಇಕ್ಕಳ ಹಿಡಿದು ಬಂದು, ಯಾರನ್ನೂ ಏನನ್ನೂ ಕೇಳದೆ, ತಂತಿ ಕತ್ತರಿಸಿ ಜೇಬಿಗೆ ಹಾಕಿಕೊಂಡು ಹೋದ.

ಲಾರಿ ಮತ್ತೆ ಹಾರ್ನ್ ಹೊಡೆಯಿತು.

“ನಿಂತ್ಯಲ್ಲೇ ಕಂಬದ ಹಾಗೆ! ಬಾ, ಹಿಡಿ,” ಎಂದು ದೊಡ್ಡವಳು ಬೈದಳು. ನಿನ್ನೆಯಿಂದ ಕೇಳಿದ ಮೊದಲ ಬೈಗುಳ. ಚಿಕ್ಕವಳ ಮೈಗೆ ಬಿಸಿನೀರು ಹೊಯ್ದಂತಾಯಿತು. ಬಂದು ತನ್ನ ತುದಿ ಹಿಡಿದಳು. ಬಟ್ಟೆಯನ್ನು ಕೂರಿಸಿದಳು. ಬೆರಳು ಹಿಂದಕ್ಕೆ ತೆಗೆದಳು.

“ಹಿಡ್ದೆ.”

ಈಗ ಚಿಕ್ಕವಳ ಸರದಿ. ಅದೇ ‘ಬಿಟ್ಟೆ’ ಎಂಬ ಮಾತು. ಹೇಳಿದರೆ ಕೆಲಸ ಹೋಗುವ ಮಾತು. ಹೇಳದಿದ್ದರೆ ಕೈ ಹೋಗುವ ಮಾತು. ಸಾಹೇಬನ ಗಾಜಿನ ಕೋಣೆಯ ಪರದೆಯ ಹಿಂದೆ ಯಾರೋ ನಿಂತಂತೆ ಕಂಡಿತು.

ದೊಡ್ಡವಳ ಪಾದ ಗಾಳಿಯಲ್ಲೇ ಕಾಯುತ್ತಿತ್ತು. “ಹೇಳೇ,” ಎಂದಳು. “ನಾನು ಕೇಳಿಸ್ಕೋತೀನಿ.”

ಚಿಕ್ಕವಳು ಉಸಿರೆಳೆದುಕೊಂಡಳು. ಮೊದಲ ಅಕ್ಷರವನ್ನು ನಾಲಿಗೆಯ ಮೇಲೆ ಗಟ್ಟಿಯಾಗಿ ಕೂರಿಸಿ, ಅದು ಬೇರೇನೂ ಆಗದಂತೆ ಹಲ್ಲು ಬಿಗಿದು, ಮೂರು ಬೀದಿಯ ಕಿವುಡರೆಲ್ಲ ಎದ್ದು ಕೂರುವ ಹಾಗೆ 

“ಕೈ! ಕೈ ಬಿಟ್ಟೆ ಅಕ್ಕ!”

ಎಂದು ಕೂಗಿದಳು. ಆಗ ದೊಡ್ಡವಳು ಪೆಡಲಿನ ಮೇಲೆ ಪಾದ ಇಳಿಸಿದಳು.